ಬೆಚ್ಚಗಿನ ಬೀಗದಕೈ

ಬೀಗದಕೈ ಬೆಚ್ಚಗಿತ್ತು. ಗೇಣುದ್ದದ ಕಬ್ಬಿಣ, ಫೆಬ್ರವರಿ ತಿಂಗಳು. ಅದು ಬಾಗಿಲ ಪಕ್ಕದ ಮೊಳೆಯಲ್ಲಿ ತಣ್ಣಗೆ ನೇತಾಡುತ್ತಿರಬೇಕಾದದ್ದು. ಚರ್ಚಿನ ಎದುರು ಮನೆಯ ಅಜ್ಜಿ ಅದನ್ನು ಕೋಟಿನ ಜೇಬಿನಿಂದ ತೆಗೆದುಕೊಟ್ಟರು. ಮನೆಯೊಳಗಿದ್ದವರಿಗೆ ಕೋಟು ಯಾಕೆ ಎಂದು ನಾನು ಕೇಳಲಿಲ್ಲ.

ನೆದರ್ಲೆಂಡ್ಸ್‌ನ ಉತ್ತರದ ಈ ಹಳ್ಳಿಯ ಚರ್ಚಿಗೆ ಕಾವಲುಗಾರರಿಲ್ಲ. ನೋಡಬೇಕೆನ್ನುವವರು ಎದುರು ಮನೆಯ ಬೆಲ್ ಒತ್ತಿ ಬೀಗದಕೈ ಇಸಿದುಕೊಳ್ಳಬೇಕು. ಆ ಚಳಿಗಾಲ ನಾನು ಪ್ರತಿ ಗುರುವಾರ ಹೋಗುತ್ತಿದ್ದೆ. ನನ್ನ ಎಂ.ಎ. ಪ್ರಬಂಧ ಅಲ್ಲಿಯ ಗೋಡೆಚಿತ್ರಗಳ ಮೇಲೆ. ಚರ್ಚಿನ ಸಮಿತಿ ಒಂದೇ ಷರತ್ತು ಹಾಕಿತ್ತು: ಗೋಡೆಗೆ ಏನಾದರೂ ಆದರೆ ನನಗೆ ಕೊಟ್ಟ ಒಪ್ಪಿಗೆ ರದ್ದು.

ರೋಮನೆಸ್ಕ್ ಎಂಬ ಹಳೆಯ ಶೈಲಿಯ ಕಟ್ಟಡ ಒಳಗಿನಿಂದ ಕೋಟೆಯಂತೆ. ಮೊಳಗಟ್ಟಲೆ ದಪ್ಪದ ಇಟ್ಟಿಗೆ ಗೋಡೆ, ಹೊರಗೆ ಇಣುಕಲಾಗದಷ್ಟು ಎತ್ತರದಲ್ಲಿ ದುಂಡು ಕಮಾನಿನ ಸಣ್ಣ ಕಿಟಕಿಗಳು, ಪೂರ್ವದ ತುದಿಯಲ್ಲಿ ಅರ್ಧವೃತ್ತದ ಗರ್ಭಗುಡಿಯಂಥ ಜಾಗ. ಚರ್ಚಿನಲ್ಲಿ ಚಿತ್ರಗಳೇ ಬೇಡವೆಂದ ಕಾಲದಲ್ಲಿ ಎಲ್ಲಕ್ಕೂ ಸುಣ್ಣ ಬಳಿದಿದ್ದರು; ಎಷ್ಟೋ ತಲೆಮಾರುಗಳ ನಂತರ ಅದನ್ನು ಕೆರೆದು ತೆಗೆದರು. ನನ್ನ ಕೆಲಸ ಉತ್ತರದ ಗೋಡೆಯದು. ದೇವದೂತ ತಕ್ಕಡಿ ಹಿಡಿದಿದ್ದಾನೆ. ಒಂದು ತಟ್ಟೆಯಲ್ಲಿ ಪುಟ್ಟ ಆತ್ಮ ಬೆತ್ತಲೆ ಕುಳಿತಿದೆ, ಇನ್ನೊಂದು ತಟ್ಟೆಯನ್ನು ದೆವ್ವ ಕಾಲಿನಿಂದ ಜಗ್ಗುತ್ತಿದೆ. ಆತ್ಮ ದೇವದೂತನ ಕಡೆ ನೋಡುವುದಿಲ್ಲ, ದೆವ್ವದ ಕಾಲನ್ನೇ ನೋಡುತ್ತದೆ. ನನಗೆ ಅದು ಇಷ್ಟವಾದದ್ದು ಅದಕ್ಕೇ.

ಆ ಗುರುವಾರ ಅದರ ಕೆಳಗೆ ನೆಲದ ಮೇಲೆ ಒಂದು ಸುಣ್ಣದ ಚಕ್ಕೆ ಬಿದ್ದಿತ್ತು, ಒಂದು ಬದಿ ಕೆಂಪು. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದೆ. ಆತ್ಮದ ಕೆನ್ನೆ ಇರಲಿಲ್ಲ. ಹಿಂದಿನ ವಾರದ ಫೋಟೋದಲ್ಲಿತ್ತು. ಕಣ್ಣಿನ ಸುತ್ತ ಬಣ್ಣ ಎದ್ದುಕೊಂಡಿತ್ತು, ಉಸಿರು ತಾಗಿದರೂ ಉದುರುವಂತೆ. ಹೊರಗಿನಷ್ಟು ಚಳಿ ಒಳಗಿಲ್ಲದ್ದು ದಪ್ಪ ಗೋಡೆಯಿಂದ ಎಂದುಕೊಂಡಿದ್ದೆ. ಚರ್ಚಿನಲ್ಲಿ ಸುಟ್ಟ ಧೂಳಿನ ವಾಸನೆ ಇತ್ತು. ಹಿಂದಿನ ವಾರವೂ ಇತ್ತು. ಹಿಂದಿನ ವಾರವೂ ಬೀಗದಕೈ ಬೆಚ್ಚಗಿತ್ತು.

"ಅಜ್ಜಿ ಗೋಡೆ ಕೆರೀತಾರೆ ಅಂತೀಯಾ?" ರೂಮ್‌ಮೇಟ್ ಕೇಳಿದಳು. ಅವಳು ಮೈಸೂರಿನವಳು.

"ಹಾಗಂದ್ನಾ? ನನಗಿಂತ ಮುಂಚೆ ಒಳಗೆ ಹೋಗಿ ಬರ್ತಾರೆ. ಹೇಳಲ್ಲ."

"ನೀನು ಏನಾದ್ರೂ ಕದ್ದೀಯಾ ಅಂತ ನೋಡಿಟ್ಟು ಬರ್ತಾರೇನೋ. ಒಳ್ಳೇ ಜೋಡಿ ಕಣೆ. ಮೊಸರಿನ ಡಬ್ಬಕ್ಕೆ ಪೆನ್ನಲ್ಲಿ ಗೆರೆ ಹಾಕಿಡೋಳು ನೀನು."

ಗೆರೆ ಹಾಕಿದ್ದು ನಿಜ. ಮೊಸರು ಇಳಿಯುತ್ತಿದ್ದುದೂ ನಿಜ.

ಮುಂದಿನ ಗುರುವಾರ ಒಂದು ಬಸ್ಸು ಮುಂಚೆ ಹೋದೆ. ಅಜ್ಜಿಯ ಮನೆಯ ಬೆಲ್ ಒತ್ತಲಿಲ್ಲ. ಚರ್ಚಿನ ಬಾಗಿಲು ಅರೆ ತೆರೆದಿತ್ತು. ಒಳಗೆ ಗೋಪುರದ ಕೆಳಗಿನ ಕಪಾಟಿಗೆ ತಲೆ ತೂರಿಸಿ ಅಜ್ಜಿ ಏನನ್ನೋ ತಿರುಗಿಸುತ್ತಿದ್ದರು. ನೆಲದ ಕಬ್ಬಿಣದ ಜಾಲರಿಯಿಂದ ಬಿಸಿಗಾಳಿ ಭರ್ರೆಂದು ಏಳುತ್ತಿತ್ತು.

"ಅಯ್ಯೋ, ಇಷ್ಟು ಬೇಗ ಬಂದ್ಬಿಟ್ಟೆಯಾ? ಇನ್ನೂ ಬಿಸಿಯಾಗಿಲ್ಲ!"

"ಯಾರಿಗೆ ಬಿಸಿ?" ನನ್ನ ಡಚ್‌ನಲ್ಲಿ ಅಷ್ಟೇ ಬಂತು.

"ನಿನಗೇ, ಹುಡುಗಿ. ಮೊದಲ ಸಲ ಬೀಗದಕೈ ವಾಪಸ್ ತಂದಾಗ ನಿನ್ನ ಮೂಗು ನೋಡಬೇಕಿತ್ತು. ಬಿಸಿ ದೇಶದಿಂದ ಬಂದವಳು ನಮ್ಮೂರಲ್ಲಿ ಹೆಪ್ಪುಗಟ್ಟಬೇಕಾ? ನೀನು ಬರೋ ಹೊತ್ತಿಗೆ ಆಫ್ ಮಾಡ್ತೀನಿ, ಸದ್ದು ಜಾಸ್ತಿ. ಸಮಿತಿಯವರಿಗೆ ಹೇಳಬೇಡ ಮತ್ತೆ. ಪ್ರಾರ್ಥನೆ ಇದ್ದಾಗ ಮಾತ್ರ ಹಾಕಬೇಕಂತೆ, ಅದೂ ನಿಧಾನಕ್ಕೆ. ನನ್ನ ಗಂಡ ಇದ್ದಾಗಿನಿಂದ ಈ ಬೀಗದಕೈ ನಮ್ಮನೆ ಮೊಳೇಲೇ ಇದೆ. ಅವರು ಅದನ್ನ ಕಿತ್ಕೊಂಡ್ರೆ ನಮ್ಮನೆ ಬೆಲ್ ಇನ್ಯಾರು ಒತ್ತುತ್ತಾರೆ?"

ತಣ್ಣಗಿನ ದಪ್ಪ ಗೋಡೆಗೆ ಏಕಾಏಕಿ ಬಿಸಿ ತಾಗಿದರೆ ಒಳಗಿನ ತೇವ ಹೊರಗೆ ಬರುತ್ತದೆ, ಜೊತೆಗೆ ಉಪ್ಪು. ಉಪ್ಪು ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ದೂಡುತ್ತದೆ. ಇದನ್ನು ಡಚ್‌ನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. ಅವರ ತೋಳು ಹಿಡಿದು ಉತ್ತರದ ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಟಾರ್ಚ್ ಓರೆಯಾಗಿ ಹಿಡಿದೆ. ಫೋನಿನಲ್ಲಿ ಹಳೆಯ ಫೋಟೋ ತೋರಿಸಿದೆ, ಜಾಲರಿಯನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ನಂತರ ಹೋಗಿ ಬಿಸಿ ಆರಿಸಿ ಬಂದರು.

"ಹೇಳ್ತೀಯಾ ಅವರಿಗೆ?"

ನಾನು ಟಾರ್ಚ್ ಆರಿಸಿ ಚೀಲಕ್ಕೆ ಹಾಕಿದೆ. ಸುಮ್ಮನಿದ್ದರೆ ಕಣ್ಣೂ ಉದುರುತ್ತದೆ, ಉದುರಿಸಿದವಳು ನಾನೆನ್ನುತ್ತಾರೆ. ಹೇಳಿದರೆ ಬೀಗದಕೈ ಹೋಗುತ್ತದೆ. ಬಸ್ಸಿನಲ್ಲಿ ಇನ್ನೊಂದು ಅನುಮಾನವೂ ಬಂತು. ಎಲ್ಲ ನನಗಾಗಿಯೇ ಮಾಡಿದ್ದು ಎಂದರಲ್ಲ, ಅದು ನನ್ನ ಬಾಯಿ ಕಟ್ಟುವುದಕ್ಕೋ?

ಮರುದಿನ ಬೆಳಿಗ್ಗೆ ಸಮಿತಿಗೆ ಫೋನ್ ಮಾಡಿದೆ. ಬಣ್ಣ ಉದುರುತ್ತಿದೆ, ಗೋಡೆಚಿತ್ರ ಸರಿಪಡಿಸುವವರನ್ನು ಬೇಗ ಕಳಿಸಿ, ಗುರುವಾರಗಳಂದು ನನಗೆ ಚಳಿಯೆಂದು ಬಿಸಿ ಹಾಕಲಾಗಿತ್ತು, ಇನ್ನು ಹಾಕುವುದಿಲ್ಲ ಎಂದೆ. ಯಾರು ಹಾಕಿದ್ದು ಎಂದು ಕೇಳಿದರು. ನನಗಾಗಿ ಹಾಕಿದ್ದು ಎಂದೇ ಮತ್ತೆ ಹೇಳಿದೆ. ಒಪ್ಪಿಗೆಯ ವಿಷಯ ಆಮೇಲೆ ಮಾತಾಡೋಣ ಎಂದರು. ನಂತರ ಎರಡು ಸ್ವೆಟರ್ ಹಾಕಿಕೊಂಡು ಹಳ್ಳಿಗೆ ಹೋಗಿ ಎದುರು ಮನೆಯ ಬೆಲ್ ಒತ್ತಿದೆ, ಶುಕ್ರವಾರವಾದರೂ. ಅಜ್ಜಿ ಕೋಟು ಹಾಕಿರಲಿಲ್ಲ. ಬೀಗದಕೈಯನ್ನು ಮೊಳೆಯಿಂದ ತೆಗೆದುಕೊಟ್ಟರು. ರಸ್ತೆ ದಾಟುವಾಗ ಅದನ್ನು ಕೆನ್ನೆಗೆ ಒತ್ತಿ ನೋಡಿದೆ, ಮಂಜಿನಂತೆ ತಣ್ಣಗಿತ್ತು. ಆದರೂ ಒಳಗೆ ಹೋಗಿ ಮೊದಲು ಬಗ್ಗಿ ಜಾಲರಿಯ ಮೇಲೆ ಕೈ ಇಟ್ಟೆ.