ಹೆಪ್ಪಿನ ವಂಶಾವಳಿ

ಮೊನ್ನೆ ಕ್ಯಾತನಹಳ್ಳಿಯ ದೊಡ್ಡವ್ವನ ಜಗಲಿಯ ಮೇಲೆ ಕೂತು ನನ್ನ ತಂಗಿಯ ಮಗಳು ಸುಮ ಲ್ಯಾಪ್‌ಟಾಪು ತೆರೆದಳು. ಪರದೆಯ ಮೇಲೊಂದು ಮರ, ಗಾಳಿಗೆ ಬಿದ್ದ ಹುಣಿಸೆಯಂತೆ ಮಗ್ಗುಲಾಗಿ ಮಲಗಿತ್ತು. ಕೃಷ್ಣರಾಜಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ನನ್ನ ಕರಿಹಲಗೆಯ ಮರಗಳು ಶಿಸ್ತಾಗಿ ನಿಂತಿರುತ್ತಿದ್ದವು. ಪಾಠ ಕೇಳುವವರು ಮಲಗುತ್ತಿದ್ದರೇ ಹೊರತು ಮರ ಮಲಗುತ್ತಿರಲಿಲ್ಲ.

ಸುಮ ಸೂಕ್ಷ್ಮಜೀವಿಗಳ ವಂಶ ಹುಡುಕುವವಳು. ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಮನೆಮನೆಯ ಮೊಸರನ್ನು ಪರೀಕ್ಷೆಗೆಂದು ಸೀಸೆಯಲ್ಲಿ ಹೊತ್ತು ತಂದಿದ್ದಳು. ಮೊಸರು ಮಾಡುವ ಜೀವಿಯ ಒಳಗಿನ ಬರಹ, ಅಂದರೆ ಡಿಎನ್‌ಎ, ತಲೆಮಾರು ಕಳೆದಂತೆ ಅಷ್ಟಷ್ಟು ತಿದ್ದಿಹೋಗುತ್ತದಂತೆ. ಒಂದೇ ಬಗೆಯ ತಿದ್ದುಪಡಿ ಇರುವವರನ್ನು ಲ್ಯಾಪ್‌ಟಾಪಿನ ಸಾಫ್ಟ್‌ವೇರು ವಂಶವೃಕ್ಷದ ಒಂದೇ ಕೊಂಬೆಗೆ ಕೂರಿಸಿ, ಬಣ್ಣ ಬಳಿದು ತೋರಿಸುತ್ತದೆ.

"ಅಂಗಾರೆ ಇದು ಹೆಳವರ ಪೆಟ್ಟಿಗೆ ಕಣ್ಲಾ," ಎಂದಳು ದೊಡ್ಡವ್ವ. ಎತ್ತಿನ ಮೇಲೆ ಬಂದು, ನಮ್ಮ ಮುತ್ತಜ್ಜಂದಿರ ಹೆಸರು ಒಪ್ಪಿಸಿ, ರಾಗಿ ಈಸಿಕೊಂಡು ಹೋಗುತ್ತಿದ್ದ ಹೆಳವರನ್ನು ಕಂಡವಳು ಅವಳು.

ಪಾಂಡವಪುರದಲ್ಲಿ ಓದುವಾಗ ನಾನಿದ್ದದ್ದು ಇದೇ ಮನೆಯಲ್ಲಿ. ನೆಲುವಿನಲ್ಲಿ ಮೊಸರಿನ ಕುಡಿಕೆ ತೂಗುತ್ತಿತ್ತು. ದೊಡ್ಡವ್ವ ಮದುವೆಯಾಗಿ ಬರುವಾಗ ಸಂತೆಬಾಚಹಳ್ಳಿಯ ತವರಿನಿಂದ ತೆಂಗಿನ ಚಿಪ್ಪಿನಲ್ಲಿ ತಂದ ಹೆಪ್ಪಿನ ಸಂತಾನ ಅದು. "ಆಸ್ತಿ ಅಣ್ಣಂಗೆ, ಹೆಪ್ಪು ನಂಗೆ," ಎನ್ನುತ್ತಿದ್ದಳು. ಹಾಲಿಗೆ ಬೆರಳದ್ದಿ, ಕೂಸಿನ ಸ್ನಾನದ ನೀರಿನ ಹದ ನೋಡಿ, ಹೆಪ್ಪು ಬಿಡುತ್ತಿದ್ದಳು. ಆಮೇಲೆ ಅದರ ಹತ್ತಿರ ನಾನು ಜೋರಾಗಿ ಓದುವಂತಿರಲಿಲ್ಲ, ಮೊಸರು ಕದಡುತ್ತದೆ. ಪರೀಕ್ಷೆಯಲ್ಲಿ ನನಗೆ ಬಂದ ಅಂಕಗಳಿಗೆ ಇದೇ ಕಾರಣವೆಂದು ಅಪ್ಪನನ್ನು ಒಪ್ಪಿಸಲು ಬಹಳ ಶ್ರಮಿಸಿದ್ದೇನೆ.

ದೊಡ್ಡವ್ವನ ತಾಯಿ, ನನ್ನ ಅಜ್ಜಿ, ತೀರಿಕೊಂಡಾಗ, ತಿಥಿಯ ದಿನ ತವರಿನಲ್ಲಿ ಎಲೆಯ ಮುಂದೆ ಕೂತ ದೊಡ್ಡವ್ವ, "ನಮ್ಮವ್ವನ ಮೊಸ್ರು ಇಂಗೆ ನೀರಾಗಿರ್ತಿರ್ಲಿಲ್ಲ," ಎಂದುಬಿಟ್ಟಳು. ಬಡಿಸುತ್ತಿದ್ದವಳು ಅವಳ ಅತ್ತಿಗೆ, ನನ್ನ ಅತ್ತೆ. "ನಿಮ್ಮೂರಲ್ಲಿ ಗಟ್ಟಿಯಾಗಿ ಅದೆಯಲ್ಲ, ಅಲ್ಲೇ ಉಣ್ಣಿ," ಎಂದಳು. ದೊಡ್ಡವ್ವ ಆ ಮಾತನ್ನು ಚಾಚೂತಪ್ಪದೆ ಪಾಲಿಸಿದಳು. ತವರಿನ ಹೊಸಿಲು ಮತ್ತೆ ತುಳಿಯಲಿಲ್ಲ.

ಈಗ ಅವಳಿಗೆ ತಿಳಿಯಬೇಕಿದ್ದುದು ಒಂದೇ: ಅವ್ವನ ಹೆಪ್ಪು ಉಳಿದಿರುವುದು ತನ್ನ ಕುಡಿಕೆಯಲ್ಲೋ, ಅತ್ತಿಗೆಯ ಕುಡಿಕೆಯಲ್ಲೋ. ಅದಕ್ಕೆಂದೇ ಹಟ ಹಿಡಿದು ಸುಮಳಿಂದ ತವರಿನ ಮೊಸರನ್ನೂ ಪರೀಕ್ಷೆಗೆ ತರಿಸಿದ್ದಳು.

ಸುಮ ಮೌಸು ಒತ್ತಿದಳು. ಒಂದು ಕೊಂಬೆ ಹಿಗ್ಗಿತು. "ಇದು ನಿಂದು ಅಜ್ಜಿ. ಪಕ್ಕದವು ನೀನು ಹೆಪ್ಪು ಕೊಟ್ಟ ಮನೆಗಳು."

"ನಮ್ಮತ್ತಿಗೆದು?"

ಸುಮ ಮರದ ಇನ್ನೊಂದು ತುದಿಗೆ ಹೋದಳು. "ಇಲ್ಲಿ. ಅಂಗಡಿ ಪ್ಯಾಕೆಟ್ ಮೊಸರಿನ ಪಕ್ಕ."

ದಿಗ್ವಿಜಯದ ನಗೆಗಾಗಿ ನಾನು ಸಿದ್ಧನಾಗಿ ಕೂತೆ. ದೊಡ್ಡವ್ವ ನಗಲಿಲ್ಲ.

"ಅಂದ್ರೆ, ನಮ್ಮವ್ವನ ಮನೇಲಿ ನಮ್ಮವ್ವಂದು ಇಲ್ವಾ?"

"ನಿಂದೇ ಅವ್ವಂದು ಅಂತಾನೂ ಈ ಮರ ಹೇಳಲ್ಲ ಅಜ್ಜಿ. ನಿಮ್ಮವ್ವನ ಕಾಲದ ಮೊಸರು ಪರೀಕ್ಷೆಗೆ ಸಿಕ್ಕಿಲ್ವಲ್ಲ."

"ಅದೇನು ಹೇಳೋದು ಬ್ಯಾಡ ಬುಡು, ನಾನ್ ಹೇಳ್ತೀನಿ." ಒಳಗೆ ಹೋಗಿ ಕುಡಿಕೆಗೆ ಬಟ್ಟೆ ಕಟ್ಟಿಕೊಂಡು ಬಂದಳು. "ಏಳ್ಲಾ, ಬಸ್ಸಿಗೆ ಹೋಗನ."

ಪಾಂಡವಪುರದಲ್ಲಿ ಒಂದು ಬಸ್ಸು, ಕೃಷ್ಣರಾಜಪೇಟೆಯಲ್ಲಿ ಇನ್ನೊಂದು. ಪ್ರತಿ ಉಬ್ಬಿಗೂ ಕುಡಿಕೆಯಿಂದ ಒಂದು ಪಾಲು ನನ್ನ ಪ್ಯಾಂಟಿಗೆ ಸಲ್ಲುತ್ತಿತ್ತು. ಸಂತೆಬಾಚಹಳ್ಳಿಯಲ್ಲಿ ಇಳಿದಾಗ ಮುಸ್ಸಂಜೆ. ಅತ್ತೆ ಬಾಗಿಲಿಗೆ ಬಂದು ನಿಂತಳು. ಇಬ್ಬರ ತಲೆಯೂ ಬೆಳ್ಳಗಾಗಿತ್ತು.

"ಈಸ್ಕೊ. ಅವ್ವಂದು," ಎಂದು ದೊಡ್ಡವ್ವ ಕುಡಿಕೆ ಚಾಚಿದಳು.

ಅತ್ತೆ ಕೈ ನೀಡಲಿಲ್ಲ. ಕುಡಿಕೆಯನ್ನು ನೋಡಿದಳು, ನಾದಿನಿಯನ್ನು ನೋಡಿದಳು. "ದೀಪ ಹಚ್ಚಿದ್ಮೇಲೆ ಹೆಪ್ಪು ಈಸ್ಕೊಂಡಾರಾ? ಬೆಳಗೆದ್ದು ಕೊಡೀರಂತೆ," ಎಂದು, ಕಾಲಿಗೆ ನೀರು ತರಲು ಒಳಗೆ ಹೋದಳು.

ದೀಪಕ್ಕೂ ಹೆಪ್ಪಿಗೂ ಯಾವ ಸಂಬಂಧವೂ ಇಲ್ಲವೆಂದು ಜೀವಮಾನವಿಡೀ ಪಾಠ ಹೇಳಿದವನು ನಾನು. ಬಾಯಿ ಮುಚ್ಚಿಕೊಂಡು ಚಪ್ಪಲಿ ಬಿಟ್ಟೆ.