ಕಾಡಿನ ಚಿತ್ರದ ಮಗ್ಗು

ಹಳೆಯ ಕಾಲದ ಪುಸ್ತಕದಿಂದ ಕಿತ್ತು ಅಂಟಿಸಿದಂಥ ಕಾಡು ಅದು. ಮಾಸಿದ ಕಂದು ಬಣ್ಣದ ಎತ್ತರದ ಮರಗಳು, ನಡುವೆ ಒಂದು ತೊರೆ, ತೊರೆಯ ಪಕ್ಕ ತಲೆಯೆತ್ತಿ ನಿಂತ ಜಿಂಕೆ. ಎತ್ತ ನೋಡಿದರೂ ಕಬ್ಬು, ತೆಂಗು, ಹೊಂಗೆ ಕಾಣುವ ನಮ್ಮ ಸೀಮೆಯಲ್ಲಿ ಅಂಥ ಮರ ಯಾರೂ ನೋಡಿಲ್ಲ. ಆ ಕಾಡು ಇದ್ದದ್ದು ಒಂದು ದಪ್ಪ ಪಿಂಗಾಣಿಯ ಮಗ್ಗಿನ ಮೇಲೆ. ಗೆಳತಿಯ ಮನೆಯಲ್ಲಿ ನಾನು ಟೀ ಕುಡಿದದ್ದೆಲ್ಲ ಅದರಲ್ಲೇ.

ನಾವಿಬ್ಬರೂ ಮದ್ದೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಟೀಚರುಗಳು. ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಅವಳ ಸ್ಕೂಟರಿನ ಹಿಂದೆ ಕೂತು ನಿಡಘಟ್ಟದ ಹತ್ತಿರದ ಅವಳ ಮನೆಗೆ ಹೋಗುವುದು, ಹೆಡ್‌ಮಾಸ್ಟರನ್ನು ಬಾಯಿ ತುಂಬ ಬೈಯುವುದು, ಸಂಜೆಯ ಬಸ್ಸಿಗೆ ನಾನು ಮಂಡ್ಯಕ್ಕೆ ವಾಪಸ್ಸು. ಅವರದು ಗದ್ದೆ, ತೋಟ ಇರುವ ದೊಡ್ಡ ಕುಳ. ನಾನು ಮಳವಳ್ಳಿ ಕಡೆಯ ಒಂದು ಊರಾಚೆ ಕೇರಿಯವಳು. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಇದೆಲ್ಲ ಅವಳಿಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ ಕರೆದಳಲ್ಲ ಎಂದು ನನಗೆ ಅವಳ ಮೇಲೆ ಪ್ರಾಣ.

ಅವಳ ಅತ್ತೆ ಬಾಗಿಲಲ್ಲೇ "ಬನ್ನಿ ಮೇಡಮ್ಮ, ಕೂತ್ಕಳಿ" ಎಂದು ಸೋಫಾ ತೋರಿಸುತ್ತಿದ್ದರು. ಅವರಿಬ್ಬರಿಗೂ ಸ್ಟೀಲ್ ಲೋಟ, ನನಗೆ ಕಾಡಿನ ಮಗ್ಗು. "ನಿಂಗೇ ಅಂತ್ಲೇ ತರ್ಸಿದ್ದು ಕಣೆ" ಎಂದಿದ್ದಳು ಗೆಳತಿ. ಚಕ್ಕುಲಿ ಕಾಗದದ ತಟ್ಟೆಯಲ್ಲಿ ಬರುತ್ತಿತ್ತು. ತೊಳೆಯುವ ತಾಪತ್ರಯ ಬೇಡವೆಂದು ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಎಂ.ಎ., ಬಿ.ಇಡಿ. ಮಾಡಿದ ತಲೆ ನೋಡಿ.

ಊರಿಗೆ ಹೋದಾಗ ಅವ್ವನ ಮುಂದೆ ಈ ಮಗ್ಗಿನ ವಿಷಯ ಕೊಚ್ಚಿಕೊಂಡೆ. ಅವ್ವ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು:

"ಕುಡುದ್ಮೇಲೆ ಅದ್ನ ಎಲ್ಲಿ ಮಡುಗ್ತಾರೆ ಮಗಾ?"

"ಅಡುಗೆಮನೇಲಿ. ಇನ್ನೆಲ್ಲಿ?"

"ನೋಡಿದ್ದೀಯಾ?"

"ಈಗ ಅದೆಲ್ಲ ಇಲ್ಲ ಕಣವ್ವ."

"ನಂಗೂ ಒಂದು ತೆಂಗಿನ್ ಚಿಪ್ಪಿತ್ತು, ಗೌಡ್ರಟ್ಟೀಲಿ. ಸೂರಿಗೆ ಸಿಗ್ಸಿರೋರು, ಒಳೀಕೆ ತಕೊಂಡೋಗೋ ಹಂಗಿರ್ನಿಲ್ಲ. ಅದೂ ನಂಗೇ ಅಂತ್ಲೇ."

ನನಗೆ ಮೈಯೆಲ್ಲ ಉರಿದುಹೋಯಿತು. ನಿನಗೆ ಎಲ್ಲರೂ ಕೆಟ್ಟವರೇ ಎಂದು ರೇಗಿ ಬಸ್ಸು ಹತ್ತಿದೆ. ಮಂಡ್ಯ ಬರುವವರೆಗೂ ಅದೇ ಮಾತು ತಲೆಯಲ್ಲಿ ಕೊರೆಯಿತು.

ಮುಂದಿನ ಶನಿವಾರ, ಟೀ ಬರುವ ಮೊದಲು, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೂಡಿನಲ್ಲಿ, ಫಿನಾಯಿಲ್ ಬಾಟಲಿ, ಸವೆದ ಬ್ರಷ್ಷಿನ ಜೊತೆ ನನ್ನ ಮಗ್ಗು ಬೋರಲು ಕೂತಿತ್ತು. ಜಿಂಕೆ ತಲೆಕೆಳಗಾಗಿತ್ತು.

ಹಿಂದೆಯೇ ಬಂದ ಗೆಳತಿ ನನ್ನ ಮುಖ ನೋಡಿ ಬಿಳಿಚಿಕೊಂಡಳು. ಎರಡೂ ಕೈ ಹಿಡಿದುಕೊಂಡು ಅತ್ತಳು.

"ನಮ್ಮತ್ತೆ ಕಣೆ. ಅವ್ರು ಇರೋಗಂಟ ಒಸಿ ಸೈಸ್ಕೊ. ನಂಗೇನೂ ಇಲ್ಲ, ನಿನ್ನಾಣೆಗ್ಲೂ."

ನಂಬಿದೆ. ಆ ಸ್ಕೂಲಿನಲ್ಲಿ ನನಗೆ ಅಂತ ಇದ್ದವಳು ಅವಳೊಬ್ಬಳೇ. ನನಗೆ ಡೆಂಗ್ಯೂ ಬಂದು ಆಸ್ಪತ್ರೆ ಸೇರಿದಾಗ ದಿನಾ ಬಂದು ನನ್ನ ಸಿಕ್ಕುಗಟ್ಟಿದ ತಲೆ ಬಾಚಿದ್ದು ಇದೇ ಕೈ. ಅವಳನ್ನು ಕಳೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಗೂಡು ಕಂಡ ಮೇಲೂ ಹೋದೆ, ಅದೇ ಮಗ್ಗಿನಲ್ಲಿ ಕುಡಿದೆ. ಅತ್ತೆ ನಗುನಗುತ್ತಾ "ಇನ್ನೊಂಚೂರು ಉಯ್ಲಾ ಮೇಡಮ್ಮ?" ಎನ್ನುವಾಗ, ಪಾತ್ರೆ ಮಗ್ಗಿಗೆ ತಾಗದಂತೆ ಎತ್ತರದಿಂದ ಹುಯ್ಯುತ್ತಿದ್ದದ್ದು ಈಗ ಕಣ್ಣಿಗೆ ಬೀಳುತ್ತಿತ್ತು. ಈ ಮುದುಕಿ ಯಾವಾಗ ಸಾಯುತ್ತಾಳೋ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ಉಂಟು. ಅದಕ್ಕೆ ನನಗೆ ಪಶ್ಚಾತ್ತಾಪವೇನಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ತಿಥಿ ಕಳೆದ ಮೇಲೆ ಗೆಳತಿಯೇ ಕರೆದಳು: "ಬಾರೆ, ಮನೆ ಬಣಬಣ ಅಂತದೆ." ಅವಳ ಗಂಡ ಗದ್ದೆಗೆ ಹೋಗಿದ್ದ, ಮನೆಯಲ್ಲಿ ನಾವಿಬ್ಬರೇ. ಸೋಫಾದ ಎದುರು ಅತ್ತೆಯ ಫೋಟೋಗೆ ಹಾರ ಹಾಕಿತ್ತು. ಅವಳು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡು, "ತಡಿ, ಟೀ ಮಾಡ್ತೀನಿ" ಎಂದು ಒಳಗೆ ಹೋದಳು.

ನಾನು ಕಿವಿಗೊಟ್ಟು ಕೂತೆ. ಸ್ಟೌ ಹತ್ತಿಸಿದ್ದು ಕೇಳಿಸಿತು, ಶುಂಠಿ ಜಜ್ಜಿದ್ದು ಕೇಳಿಸಿತು. ಸ್ಟ್ಯಾಂಡಿನಿಂದ ಸ್ಟೀಲ್ ಲೋಟ ತೆಗೆದ ಸದ್ದಾಯಿತು. ಒಂದು ಲೋಟ. ಇನ್ನೊಂದರ ಸದ್ದಿಗೆ ಕಾದೆ.

ಬಂದದ್ದು ಹಿತ್ತಲ ಬಾಗಿಲಿನ ಚಿಲಕ ತೆಗೆದ ಸದ್ದು. ಆಮೇಲೆ ನಲ್ಲಿಯ ಸದ್ದು.

ನಾನು ಗೋಡೆಯ ಮೇಲಿನ ಫೋಟೋ ನೋಡಿದೆ. ಈ ಸಲ ತಪ್ಪು ಹೊರಿಸಲು ಆಯಮ್ಮ ಇರಲಿಲ್ಲ.