ಚಿಕ್ಕಲಕ್ಷ್ಮಕ್ಕನ ಒಪ್ಪಿಸೋ ಹಾಡು

ನಮ್ಮೂರು ಅಕ್ಕೂರಿನ ಚಿಕ್ಕಲಕ್ಷ್ಮಮ್ಮನ್ನ ಒಂದು ಕಡೆ ಕೂರ್ಸಿ ತೋರ್ಸಿ, ನನ್ನ ಹೆಸರು ಬದ್ಲಾಯ್ಸ್ಕೋತೀನಿ. ಟೀ ಲೋಟ ಹಿಡ್ಕೊಂಡೇ ಬಾಗ್ಲಿಗೆ ಬತ್ತಾಳೆ, ರಸ್ತೆ ನೋಡ್ತಾಳೆ, ಒಳಕ್ಕೆ ಹೋಗ್ತಾಳೆ, ತಿರ್ಗ ಬತ್ತಾಳೆ. "ಕೂತ್ಕೊಂಡು ಕುಡಿಯಕ್ಕ, ಕಾಲಿಗೇನು ಇರುವೆ ಹತ್ತವಾ?" ಅಂದ್ರೆ, "ನಿಂಗೇನು ಗೊತ್ತಮ್ಮಿ, ಸುಮ್ಕಿರು" ಅಂತಾಳೆ. ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ಮದುವೆ ಮದುವೇಲೂ ಅವಳ ಬೆನ್ನಿಂದೆ ನಿಂತು ಗಂಟ್ಲು ಹರ್ಕೊಂಡೋಳು ಈ ಶಿವಲಿಂಗಮ್ಮನೇ ಅಲ್ವಾ?

ಅಕ್ಕನಿಗೆ ಹಾಡು ಬಂದಿದ್ದು ಅವಳ ಅತ್ತೆಯಿಂದ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕುಯ್ಯೋವಾಗ ಅತ್ತೆ ಹಾಡೋಳು, ಸೊಸೆ ಕೇಳ್ಕೊಳ್ಳೋಳು. ಅತ್ತೆ ಹಾಸಿಗೆ ಹಿಡಿದ ವರ್ಷ ಸೊಸೆನ ಮುಂದಕ್ಕೆ ತಳ್ಳುದ್ರು. ಅಲ್ಲಿಂದ ಶುರು. ಮಾಗಡಿ ಕಡೆ ತಿಪ್ಪಸಂದ್ರ, ಕನಕಪುರದ ಕೋಡಿಹಳ್ಳಿ, ರಾಮನಗರದ ಛತ್ರಗಳು, ಲಗ್ನದ ಕಾಲ ಬಂತು ಅಂದ್ರೆ ಅವಳ ಮನೇಲಿ ಒಲೆ ಹಚ್ಚಂಗೇ ಇರ್ಲಿಲ್ಲ. ಗಂಡ ದೊಡ್ಡಹನುಮಯ್ಯ ಟಿವಿಎಸ್ ಮ್ಯಾಲೆ ಕರ್ಕೊಂಡು ಹೋಗೋನು, ಛತ್ರದ ಗೇಟಲ್ಲಿ ಬೀಡಿ ಸೇದ್ಕೊಂಡು ಕೂರೋನು. ಒಳಕ್ಕೆ ಬಾ ಅಂದ್ರೆ, "ಮನೇಲಿ ಕೇಳೋದೇ ಸಾಕಾಗೈತೆ, ನಮ್ಮ ರೇಷ್ಮೆ ಹುಳು ಕೂಡ ಸೊಪ್ಪು ತಿನ್ನೋದು ಬುಟ್ಟು ಇವಳ ಹಾಡು ಕೇಳ್ತವೆ" ಅನ್ನೋನು. ಆದ್ರೂ ಒಂದು ಮದುವೆಗೂ ತಪ್ಪಿಸ್ದೋನಲ್ಲ.

ಧಾರೆ ಹಾಡು, ಅರಿಶಿಣದ ಹಾಡು ಯಾರು ಬೇಕಾದ್ರೂ ಹಾಡ್ತಾರೆ ಬಿಡಿ. ಹೆಣ್ಣು ಒಪ್ಪಿಸೋ ಹಾಡು ಅಂದ್ರೆ ಅದು ಅಕ್ಕಂದೇ. ಹುಡುಗಿ ಮುಖ ನೋಡ್ಕೊಂಡು, ಹುಡುಗಿ ಹೆಸರು ಸೇರ್ಸಿ ಕಟ್ಟಿ ಹಾಡೋಳು. ಕಲ್ಲಿನಂಥ ಹುಡುಗೀರು ಕೂಡ ಅತ್ತುಬಿಡೋರು. ಬ್ಯೂಟಿ ಪಾರ್ಲರ್‌ನೋಳು "ಆಂಟಿ, ಒಸಿ ಕಮ್ಮಿ ಹಾಡಿ, ಮೇಕಪ್ ಎಲ್ಲಾ ಹೋಯ್ತು" ಅಂತ ಕೈ ಮುಗಿಯೋಳು. ನಂದು ಬರೀ ಹಿಮ್ಮೇಳ. ಅವಳು ಒಂದು ಸಾಲು ಹಾಡಿದ್ರೆ ಅದೇ ಸಾಲನ್ನ ಒಂದಕ್ಷರ ಆಚೀಚೆ ಆಗ್ದಂಗೆ ನಾನು ಎತ್ತಿಕೊಳ್ಬೇಕು, ಆಮೇಲೇ ಅವಳು ಮುಂದಿನ ಸಾಲಿಗೆ ಹೋಗೋದು. ಎತ್ತಿಕೊಳ್ಳೋರು ಇಲ್ದೆ ಹಾಡು ನಡುವೆ ನಿಂತ್ರೆ ಹೆಣ್ಣಿಗೆ ಒಳ್ಳೇದಲ್ಲ ಅಂತ ನಮ್ಮ ಕಡೆ ಮಾತು.

ದೊಡ್ಡಹನುಮಯ್ಯ ಎರಡು ವರ್ಷದ ಕೆಳಗೆ ಎದೆನೋವು ಅಂತ ಕೂತೋನು ಏಳಲೇ ಇಲ್ಲ. ಅಕ್ಕ ಅತ್ತಿದ್ದು ಅತ್ತಳು. ಸೂತಕ ಕಳೀತು, ತಿಥಿ ಕಳೀತು, ಲಗ್ನದ ಕಾಲ ಬಂತು. ಯಾರೂ ಕರೀಲಿಲ್ಲ. ಸೋಬಾನೆ ಹಾಡೋದು ಮುತ್ತೈದೇರು, ಗಂಡ ಇಲ್ದೋಳು ಮಂಟಪದ ಮುಂದೆ ನಿಲ್ಲಂಗಿಲ್ಲ. ಬರಬ್ಯಾಡ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ ನೋಡಿ, ಅದೇ ನನ್ನ ಹೊಟ್ಟೆ ಉರಿಸಿದ್ದು. ಥೂ! ಹೇಳಿದ್ರೆ ಜಗಳನಾದ್ರೂ ಆಡ್ಬಹುದಿತ್ತು.

ಅಕ್ಕನಿಗೆ ಶುರುವಾಗಿದ್ದು ಆವಾಗಲೇ ಈ ನಿಲ್ಲದ ಕಾಲು. ಬೆಳಿಗ್ಗೆ ಎದ್ದು ಸೀರೆ ಉಟ್ಕೊಂಡು ಚನ್ನಪಟ್ಟಣದ ಬಸ್ ಸ್ಟ್ಯಾಂಡಿಗೆ ಹೋಗೋಳು. ಕನಕಪುರದ ಬಸ್ಸು ಸಿಕ್ಕಿದ್ರೆ ಕನಕಪುರ, ಮಾಗಡಿದು ಸಿಕ್ಕಿದ್ರೆ ಮಾಗಡಿ. ಅಲ್ಲಿ ಇಳಿದು ಯಾವುದೋ ಛತ್ರದ ಮುಂದೆ ನಿಂತು ವಾಲಗ ಕೇಳೋಳು, ಇನ್ನೊಂದು ಬಸ್ಸು ಹತ್ತಿ ವಾಪಸ್ ಬರೋಳು. "ಕೂತ್ರೆ ಹಾಡು ಬಾಯಿಗೆ ಬತ್ತದೆ ಕಣಮ್ಮಿ, ಓಡಾಡ್ತಿದ್ರೆ ಸುಮ್ಕಿರ್ತದೆ" ಅಂತಿದ್ಲು. ನಂಗೆಲ್ಲಿ ಆ ಪಾಡು? ನನ್ನ ಗಂಡ ಬೋರಲಿಂಗಯ್ಯ ಗುಂಡುಕಲ್ಲಿನಂಗೆ ಅವ್ನೆ.

ಇಂಥಾದ್ರಲ್ಲಿ ನಮ್ಮ ಬೀದಿ ಲತಾಮಣಿ ಮಗಳು ಮಮತಾನ ಮದುವೆ ಗೊತ್ತಾಯ್ತು. ಗಂಡು ಕೋಡಿಹಳ್ಳಿ ಕಡೆಯೋನು, ಅಶೋಕ್ ಅಂತ. ಮದುವೆ ಚನ್ನಪಟ್ಟಣದ ಛತ್ರದಲ್ಲಿ. ಲತಾಮಣಿನ ಆ ಕಾಲದಲ್ಲಿ ಹಾಡಿ ಒಪ್ಪಿಸಿದ್ದೂ ಇದೇ ಅಕ್ಕ, ಮಮತಾ ಅಂತೂ ಅಕ್ಕನ ಸೊಂಟದ ಮ್ಯಾಲೇ ಬೆಳೆದೋಳು. ಲಗ್ನಪತ್ರಿಕೆ ಹಿಡ್ಕೊಂಡು ಬಂದ ಲತಾಮಣಿ, "ಬಂದು ಊಟ ಮಾಡ್ಕೊಂಡು ಹೋಗಕ್ಕ" ಅಂದ್ಲು. ಅಕ್ಕ ಕೇಳೇಬಿಟ್ಲು, "ಹಾಡು?" ಲತಾಮಣಿ ನೆಲ ನೋಡುದ್ಲು. "ವಿಡಿಯೋ ತೆಗೆಯೋ ಲೋಕೇಶನ ಹತ್ರ ನಿನ್ನ ಹಳೇ ಹಾಡು ಐತಂತೆ. ಸೌಂಡ್ ಬಾಕ್ಸಲ್ಲಿ ಹಾಕ್ತಾನೆ. ಅದು ದೊಡ್ಡಹನುಮಣ್ಣ ಇದ್ದಾಗ ಹಾಡಿದ್ದಲ್ವಾ, ದೋಷ ಬರಾಕಿಲ್ಲ."

ಅಯ್ಯೋ ನಿನ್ನ ಬುದ್ಧಿಗಿಷ್ಟು! ಕೋಳಿ ಬ್ಯಾಡ, ಮೊಟ್ಟೆ ಬೇಕು! ನಾನು ಬಾಯಿ ತೆಗೆಯೋದ್ರೊಳಗೆ ಅಕ್ಕ ನನ್ನ ಕೈ ಅದುಮುದ್ಲು. "ಬತ್ತೀನಿ ಕಣವ್ವ, ಬತ್ತೀನಿ" ಅಂದ್ಲು.

ಮದುವೆ ದಿನ ಅಕ್ಕನ್ನ ಊಟದ ಹಾಲಲ್ಲಿ ಕೂರ್ಸಿದ್ರು. ಕೂತಿದ್ಲು ಅನ್ನೋದು ಸುಳ್ಳು, ಎದ್ದು ಎದ್ದು ಬಾಗ್ಲಿಗೆ ಬಂದು ಪರದೆ ಸಂದೀಲಿ ನೋಡೋಳು. ಮಧ್ಯಾಹ್ನ ಒಪ್ಪಿಸೋ ಹೊತ್ತಾಯ್ತು. ಎರಡೂ ಕಡೆಯೋರು ಮಂಟಪದ ಹತ್ರ ನಿಂತ್ರು. ಲೋಕೇಶ ಏನೋ ಒತ್ತಿದ. ಬಾಕ್ಸಿಂದ ಅಕ್ಕನ ದನಿ ಬಂತು ನೋಡಿ, ವಯಸ್ಸಿನ ಕಾಲದ ದನಿ, ನಂಗೆ ಮೈ ಜುಮ್ ಅಂತು. ಮಮತಾ ಮಾತ್ರ ಫೋನಿಗೆ ಮುಖ ಕೊಟ್ಕೊಂಡು ನಗ್ತಾ ನಿಂತಿದ್ಲು. ಬಾಕ್ಸು ಮುಖ ನೋಡಿ ಹಾಡ್ತದಾ, ಅಳು ಬರಕ್ಕೆ?

"ಬೆಳ್ಳಿ ಗೂಡಿನಂಥ ಮಗಳ, ಬೆಚ್ಚಗೆ ಸಾಕಿದ ಮಗಳ,
ನಮ್ಮ ರಮ್ಯಾನ ನಿಮಗೆ ಕೊಟ್ಟೇವು..."

ರಮ್ಯಾ! ಯಾವ ಕಾಲದಲ್ಲೋ ರಾಮನಗರದಲ್ಲಿ ಹಾಡಿ ಒಪ್ಪಿಸಿದ್ದ ಹುಡುಗಿ. ಅವಳಿಗೆ ಈಗ ಸ್ಕೂಲಿಗೆ ಹೋಗೋ ಮಕ್ಕಳವೆ. ಲೋಕೇಶನೂ ಪೂರ್ತಿ ಕೇಳಿಲ್ಲ, ಮನೆಯೋರೂ ಕೇಳಿಲ್ಲ. ಗಂಡಿನ ಕಡೆಯೋರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಗಂಡಿನ ಅಜ್ಜಿ ಕೋಲು ಊರ್ಕೊಂಡು ಮುಂದಕ್ಕೆ ಬಂತು. "ನಿಲ್ಸ್ರೋ ಅದ! ಇನ್ಯಾರದೋ ಹೆಸರಲ್ಲಿ ಒಪ್ಪಿಸಿದ ಹೆಣ್ಣ ನಾವೆಂಗೆ ಕರ್ಕೊಂಡೋಗೋದು? ಇವಳ ಹೆಸರು ಕಟ್ಟಿ ಹಾಡಿ ಒಪ್ಪಿಸಿ. ಅಲ್ಲಿಗಂಟ ಹೆಣ್ಣು ಕಾರು ಹತ್ತಂಗಿಲ್ಲ."

ಎಲ್ರೂ ನನ್ನ ಕಡೆ ತಿರುಗಿದ್ರು. "ಶಿವಲಿಂಗಿ, ನೀನು ಹಾಡೇ." ನನ್ನ ಕರ್ಮ! ಬಾಲ ಐತೆ, ತಲೆ ಇಲ್ಲ. ಮುಂದೆ ಯಾರೂ ಹಾಡದಿದ್ರೆ ನನ್ನ ಬಾಯಲ್ಲಿ ಒಂದು ಸಾಲು ಹುಟ್ಟಾಕಿಲ್ಲ. ಸಿಟ್ಟೂ ಬಂತು. "ಹಾಡೋಳು ಊಟದ ಹಾಲಲ್ಲಿ ಅವ್ಳೆ, ಹೋಗಿ ಕರೀರಿ!" ಅಂತ ಕೂಗಿಬಿಟ್ಟೆ.

ಲತಾಮಣಿ ಓಡುದ್ಲು, ಹಿಂದೇ ನಾನೂ ಓಡ್ದೆ. ಅವಳ ಕೈಲಿ ಕುಂಕುಮದ ಬಟ್ಟಲು. "ಅಕ್ಕ, ಒಸಿ ಇಟ್ಕೊ. ಐದೇ ನಿಮಿಷ. ಅವ್ರು ಬೇರೆ ಊರೋರು, ಗೊತ್ತಾಗಾಕಿಲ್ಲ. ನನ್ನ ಮಗಳ ಬಾಳು." ಅಕ್ಕ ಬಟ್ಟಲು ಈಸ್ಕೊಂಡ್ಲು. ಹಾಡ್ಬೇಕು ಅಂತ ಅವಳ ಜೀವ ತುಡೀತಿತ್ತು, ನಂಗೆ ಕಾಣ್ತಿತ್ತು. ಇಟ್ಕೊಂಬುಡೇ ಮಾರಾಯ್ತಿ ಅಂತ ನನ್ನ ಮನಸ್ಸೂ ಹೇಳ್ತು.

ಅಕ್ಕ ಬಟ್ಟಲನ್ನ ಟೇಬಲ್ ಮ್ಯಾಲೆ ಇಟ್ಲು. "ಸತ್ತೋನು ನನ್ನ ಗಂಡ ಕಣೇ ಲತಾಮಣಿ. ಅವನು ಸತ್ತೇ ಇಲ್ಲ ಅಂತ ನಾಟಕ ಆಡಿ ನಿನ್ನ ಮಗಳ್ನ ಒಪ್ಪಿಸ್ಲಾ?" ಅಂದೋಳೇ ಪರದೆ ಸರಿಸಿ, ಬರೀ ಹಣೇಲಿ ಸೀದಾ ಮಂಟಪದ ಮುಂದೆ ಹೋಗಿ ನಿಂತ್ಲು. ಗುಜುಗುಜು ಶುರುವಾಯ್ತು. ಅಜ್ಜಿ ಅವಳ ಹಣೆ ನೋಡ್ತು, ಬಾಯಿ ತೆರೀತು. ಅಷ್ಟ್ರಲ್ಲಿ ಅಕ್ಕ ಮಮತಾನ ಗದ್ದ ಹಿಡಿದು ಹಾಡು ಎತ್ತಿಬಿಟ್ಟಿದ್ಲು.

"ಬೆಳ್ಳಿ ಗೂಡಿನಂಥ ಮಗಳ, ಬೆಚ್ಚಗೆ ಸಾಕಿದ ಮಗಳ..." ನಾನು ಎತ್ತಿಕೊಂಡೆ. "ನಮ್ಮ ಮಮತಾನ ನಿಮಗೆ ಕೊಟ್ಟೇವು..." ಎತ್ತಿಕೊಂಡೆ. ದನಿ ಒಸಿ ಒಡೆದಿತ್ತು, ಆದ್ರೂ ಛತ್ರ ತುಂಬ್ತು. ಕಡೇ ಸಾಲು "ಮನೆಯ ಮುತ್ತೈದೇರು ಕೂಡಿ ಕೊಟ್ಟೇವು" ಅಂತ. ನಾನು ಅದಕ್ಕೇ ಉಸಿರು ಹಿಡಿದು ನಿಂತಿದ್ದೆ. ಅಕ್ಕ ಹಾಡುದ್ಲು:

"ಗಂಡನ್ನ ಕಳ್ಕೊಂಡ ನಾನೂ ಕೊಟ್ಟೇನು."

ಇದೇ ಸಾಲ ನಾನು ಹೇಳ್ಬೇಕು. ಮದುವೆ ಮನೇಲಿ, ಕುತ್ತಿಗೇಲಿ ತಾಳಿ ಇಟ್ಕೊಂಡು, ಗಂಡನ್ನ ಕಳ್ಕೊಂಡ ನಾನು ಅಂತ! ಎದುರಿಗೇ ಬೋರಲಿಂಗಯ್ಯ ಎಲೆ ಅಡಿಕೆ ಹಾಕ್ಕೊಂಡು ನಿಂತವ್ನೆ. ಹೆಂಗಸ್ರೆಲ್ಲ ನನ್ನ ಬಾಯೇ ನೋಡ್ತಾವ್ರೆ. ಅಕ್ಕ ತಿರುಗಿ ನೋಡಲಿಲ್ಲ. ಅವಳು ಯಾವತ್ತೂ ತಿರುಗಿ ನೋಡ್ದೋಳಲ್ಲ, ಹಿಂದೆ ನಾನಿರ್ತೀನಿ ಅಂತ ಅವಳಿಗೆ ಗೊತ್ತು. ನಾನು ಬೋರಲಿಂಗಯ್ಯನ ಮುಖ ನೋಡ್ದೆ.

ಅವನು ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆ ಸರಿಸ್ಕೊಂಡ. "ಹೇಳೇ! ನಿನ್ನ ಬಾಯಿಗೆ ನಾನು ಸಾಯಂಗಿದ್ರೆ ಮದುವೆಯಾದ ವಾರದಲ್ಲೇ ಸತ್ತಿರ್ತಿದ್ದೆ!"

ಎತ್ತಿಕೊಂಡೆ.